ನಾಲ್ಕು ಬೆರಳು ಮೇಲಿನ ಗೆರೆ

ಬಿಸಿಲಿಗೆ ಮೆತ್ತಗಾದ ಡಾಂಬರಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ನನಗೆ ನಮ್ಮೂರ ಕೆರೆ ನೆನಪಾಗುತ್ತದೆ, ಹಿಂದೆಯೇ ಕಿವಿಯವರೆಗೂ ಮುಖ ಬಿಸಿಯಾಗುತ್ತದೆ. ಎಲ್ಲಾದರೂ ರಸ್ತೆಗೆ ಡಾಂಬರು ಹಾಕುತ್ತಿದ್ದರೆ ನಾನು ಆಚೆ ಬೀದಿ ಬಳಸಿಕೊಂಡು ಹೋಗುವವಳು. ದೊಡ್ಡಬಳ್ಳಾಪುರದಲ್ಲಿ ನನ್ನ ಜೊತೆ ಪಾಠ ಮಾಡುವವರು ಇದನ್ನು ಅಲರ್ಜಿ ಎಂದುಕೊಂಡಿದ್ದಾರೆ. ಹಾಗೇ ಅಂದುಕೊಳ್ಳಲಿ ಎಂದು ನಾನೂ ಸುಮ್ಮನಿದ್ದೇನೆ. ಸುಮ್ಮನಿರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಅದನ್ನು ನೀವೇ ಮುಂದೆ ನೋಡುತ್ತೀರಿ. ಕಳೆದ ತಿಂಗಳು ನಂದಗುಡಿ ಹತ್ತಿರದ ನಮ್ಮೂರಿಂದ ಗೋಪಾಲಣ್ಣ ಫೋನ್ ಮಾಡಿದ್ದ. ಗೋಪಾಲಣ್ಣ ನಮ್ಮ ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಹಳೆ ಮನೆ ಕೆಡವಿಸುತ್ತಿದ್ದೇನೆ, ನಿನಗೆ ಬೇಕಾದ್ದೇನಾದರೂ ಇದ್ದರೆ ಬಂದು ತಗೊಂಡು ಹೋಗು, ಭಾನುವಾರ ಗುಜರಿಯವರು ಬರುತ್ತಾರೆ ಎಂದ. ಹೋದೆ. ಹೆಂಚು ಆಗಲೇ ಇಳಿಸಿದ್ದರು. ನಾವು ಸಾಲಾಗಿ ಕೂತು ಮುದ್ದೆ ಉಣ್ಣುತ್ತಿದ್ದ ನಡುಮನೆಗೆ ನೇರ ಬಿಸಿಲು ಬಿದ್ದಿತ್ತು. ಅಂಗಳದಲ್ಲಿ ಒರಳುಕಲ್ಲು, ಹಿತ್ತಾಳೆ ಕೊಪ್ಪರಿಗೆ, ಮುರಿದ ನೊಗ, ಬಾಗಿಲ ಚೌಕಟ್ಟುಗಳು. ಅವೆಲ್ಲದರ ಮಧ್ಯೆ, ಕೊಟ್ಟಿಗೆಯ ಅಟ್ಟದಿಂದ ಇಳಿಸಿದ ತೆಪ್ಪ ಬೋರಲಾಗಿ ಬಿದ್ದಿತ್ತು. ಬಿದಿರು ಹೆಣೆದು, ಗೋಣಿತಾಟು ಹೊದಿಸಿ, ಮೇಲೆ ಡಾಂಬರು ಬಳಿದ ದುಂಡನೆಯ ದೋಣಿ. ಇಷ್ಟು ವರ್ಷ ಕತ್ತಲಲ್ಲಿದ್ದ ಡಾಂಬರು ಬಿಸಿಲು ಕಂಡ ಕೂಡಲೇ ವಾಸನೆ ಬಿಡುತ್ತಿತ್ತು. ಅದರ ಅಂಚಿನ ಹತ್ತಿರ, ಸುತ್ತಲೂ ಓಡಿದ ಒಂದು ಬಿಳಿ ಗೆರೆ, ಮಾಸಿದ್ದರೂ ಚೆನ್ನಾಗಿಯೇ ಕಾಣುತ್ತಿತ್ತು. ಗೋಪಾಲಣ್ಣ ಅದನ್ನು ಕಾಲಲ್ಲಿ ತಟ್ಟಿ, ನೋಡು, ಅಪ್ಪ ಮುಳುಗಿಸಿದ ಹಡಗು ಎಂದು ನಕ್ಕ. ಅವನ ನಗು ಅರ್ಧಕ್ಕೇ ನಿಂತಿತು. 

ದೊಡ್ಡಪ್ಪನ ಹೆಸರು ನಂಜಪ್ಪ. ಊರಿಗೆಲ್ಲ ಅವನು ಹಡಗಿನ ನಂಜಪ್ಪ. ಸಮುದ್ರ ಎಲ್ಲಿ, ನಮ್ಮ ಹೊಸಕೋಟೆ ಸೀಮೆಯ ರಾಗಿ ಹೊಲ ಎಲ್ಲಿ. ಆದರೂ ಆ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಹದಿನೆಂಟು ವರ್ಷದವನಿದ್ದಾಗ ತಾತನ ಜೊತೆ ಜಗಳವಾಡಿಕೊಂಡು, ಮದ್ರಾಸಿಗೆ ಹೊರಟಿದ್ದ ದ್ರಾಕ್ಷಿ ಲಾರಿ ಹತ್ತಿ ಹೋದವನು, ಬಂದರಿನಲ್ಲಿ ಮೂಟೆ ಹೊತ್ತು, ಆಮೇಲೆ ಸರಕು ಹಡಗಿನಲ್ಲಿ ಖಲಾಸಿಯಾಗಿ ಹತ್ತು ವರ್ಷ ಇದ್ದು ಬಂದ. ಬರುವಾಗ ತಂದದ್ದು ಒಂದು ತಗಡಿನ ಟ್ರಂಕು, ಒಂದಷ್ಟು ತಮಿಳು ಬೈಗುಳ, ಮತ್ತು ಗೆರೆ ಎಳೆಯುವ ಚಟ. ಬೇರೆ ಯಾರದ್ದಾದರೂ ಮನೆಯ ಗೋಡೆ ಮೇಲೆ ದೇವರ ಪಟವೋ ಕ್ಯಾಲೆಂಡರೋ ಇದ್ದರೆ ನಮ್ಮ ಮನೆಯಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ದೊಡ್ಡಪ್ಪನ ಗುರುತು ಇರುತ್ತಿತ್ತು: ಒಂದು ದುಂಡನೆಯ ಸುತ್ತು, ಅದರ ನಡುವೆ ಅಡ್ಡಕ್ಕೆ ಹಾದ ಒಂದು ಗೆರೆ. ರಾಗಿ ತುಂಬುವ ಕಣಜದ ಮೇಲೆ, ಬಚ್ಚಲ ಹಂಡೆಯ ಮೇಲೆ, ಎತ್ತಿನ ಗಾಡಿಯ ಪಕ್ಕದ ಹಲಗೆಯ ಮೇಲೆ, ಹಾಲಿನ ಕ್ಯಾನು ಕಟ್ಟುವ ಸೈಕಲ್ಲಿನ ಮೇಲೆ, ಹಿತ್ತಲ ಹುಣಸೆಮರಕ್ಕೆ ನಮಗಾಗಿ ಕಟ್ಟಿದ್ದ ಉಯ್ಯಾಲೆಯ ಹಗ್ಗ ಎಲ್ಲಿಯವರೆಗೆ ಜಗ್ಗಬಹುದು ಎನ್ನುವುದಕ್ಕೆ ಮರದ ಮೇಲೂ. ದೊಡ್ಡಮ್ಮ ಎರಡನೇ ಮುದ್ದೆ ಬಡಿಸುತ್ತಾ, ಎಲ್ಲಾ ಕಡೆ ಎಳೆದಿದ್ದಾಯಿತು, ನಿನ್ನ ಹೊಟ್ಟೆಯ ಮೇಲೂ ಒಂದು ಎಳೆದುಕೋ ಎಂದು ರೇಗಿಸುತ್ತಿದ್ದಳು. ಅವನು ಅದಕ್ಕೂ ಗಂಭೀರವಾಗಿ ಅಂಗಿ ಎತ್ತಿ ಹೊಕ್ಕುಳ ತೋರಿಸಿ, ದೇವರು ಆಗಲೇ ಸುತ್ತು ಹಾಕಿದ್ದಾನೆ ಎನ್ನುತ್ತಿದ್ದ. 

ಸರಕು ಇಷ್ಟಕ್ಕಿಂತ ಹೆಚ್ಚು ತುಂಬಬಾರದು ಎಂದು ಹಡಗಿನ ಮೈಮೇಲೆ ಹೀಗೆ ಗುರುತು ಹಾಕಿರುತ್ತಾರೆ ಎನ್ನುವುದನ್ನು ನಮಗೆ ಹೇಳಿಕೊಟ್ಟವನು ಅವನೇ. ಕೊಪ್ಪರಿಗೆಯ ತುಂಬ ನೀರು ತುಂಬಿ, ಒಂದು ಬಟ್ಟಲು ತೇಲಿಬಿಟ್ಟು, ಅದಕ್ಕೆ ಸುಣ್ಣದಲ್ಲಿ ಗೆರೆ ಎಳೆದು, ನನ್ನ ಕೈಯಲ್ಲಿ ಒಂದೊಂದೇ ಹಿಡಿ ರಾಗಿ ಹಾಕಿಸುತ್ತಿದ್ದ. ಗೆರೆ ನೀರು ಮುಟ್ಟಿದ ಕೂಡಲೇ ನನ್ನ ಕೈ ಹಿಡಿದುಬಿಡುತ್ತಿದ್ದ. ಇನ್ನೂ ಜಾಗ ಇದೆಯಲ್ಲ ದೊಡ್ಡಪ್ಪ ಎಂದರೆ, ಆ ಜಾಗ ರಾಗಿಗಲ್ಲ, ಅಲೆಗೆ ಬಿಟ್ಟದ್ದು ಎನ್ನುತ್ತಿದ್ದ. ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸಿ, ಬರಿ ನೀರಿನಲ್ಲಿ ಮುಳುಗಿಸಿ ತೋರಿಸುತ್ತಿದ್ದ. ಅದಕ್ಕೇ ಸಮುದ್ರದಿಂದ ಹೊಳೆಯ ಬಾಯಿಗೆ ಬಂದ ಹಡಗು ಒಂದಷ್ಟು ಕೆಳಗಿಳಿಯುತ್ತದೆ, ಸಿಹಿನೀರಿಗೆ ಒಂದು ಗೆರೆ, ಬೇಸಿಗೆಯ ಸಮುದ್ರಕ್ಕೆ ಒಂದು, ಚಳಿಗಾಲದ ಬಿರುಸು ಸಮುದ್ರಕ್ಕೆ ಇನ್ನೊಂದು, ಬಾಚಣಿಗೆಯ ಹಲ್ಲಿನ ಹಾಗೆ ಒಂದರ ಕೆಳಗೊಂದು ಇರುತ್ತವೆ ಎಂದು ಹೇಳುತ್ತಿದ್ದ. ಗೋಪಾಲಣ್ಣ ಒಮ್ಮೆ, ಸರಕಿನ ಯಜಮಾನರು ಆ ಗೆರೆ ಅಳಿಸಿ ಮೇಲೆ ಎಳೆದುಕೊಂಡರೆ ಯಾರಿಗೆ ಗೊತ್ತಾಗುತ್ತೆ ಎಂದು ಕೇಳಿದ್ದ. ದೊಡ್ಡಪ್ಪನಿಗೆ ಆ ಪ್ರಶ್ನೆ ಬಹಳ ಹಿಡಿಸಿತು. "ಬಣ್ಣ ಯಾರ್ ಬೇಕಾದ್ರೂ ಬಳೀಬೋದು ಕಣ್ಲಾ," ಎಂದಿದ್ದ. "ಅದಕ್ಕೇ ಹಡಗಿನ ಕಬ್ಬಿಣಕ್ಕೇ ಮೊದ್ಲು ಬೆಸುಗೆ ಹಾಕಿ ಗುರುತು ಮಾಡಿರ್ತಾರೆ. ಬಣ್ಣ ಅದರ ಮ್ಯಾಲೆ. ಕೈಯಾಡಿಸಿದ್ರೆ ಗೊತ್ತಾಗ್‌ಬಿಡ್ತದೆ." ನಾನು ಅದನ್ನು ಅರ್ಧ ಕಿವಿಯಲ್ಲಿ ಕೇಳಿದ್ದೆ. ಆಗ ನನ್ನ ಗಮನವೆಲ್ಲ ಬಟ್ಟಲಿನಲ್ಲಿದ್ದ ರಾಗಿಯ ಮೇಲೆ.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಎನ್ನುವುದನ್ನು ದೊಡ್ಡಮ್ಮ ಒಂದು ಸಲ ಪಿಸುಮಾತಿನಲ್ಲಿ ಹೇಳಿದ್ದಳು. ಹಡಗಿನಿಂದ ದಡಕ್ಕೆ ಸರಕು ಸಾಗಿಸುವ ದೋಣಿಯೊಂದನ್ನು ಮೇಸ್ತ್ರಿ ಬೇಡ ಎಂದರೂ ಸರಕಿನ ಯಜಮಾನರು ಕೇಳದೆ ತುಂಬಿಸಿದ್ದರಂತೆ. ಅದು ಕಣ್ಣೆದುರೇ ಮಗುಚಿ, ದೊಡ್ಡಪ್ಪನ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಸೆಲ್ವಂ ಎನ್ನುವವನು ಹೋಗಿಬಿಟ್ಟನಂತೆ. ಆಮೇಲೆ ಅವನಿಗೆ ಹಡಗಿನ ಕೆಲಸ ಬೇಡವಾಯಿತು. ಊರವರಿಗೆ ಇದು ಗೊತ್ತಿರಲಿಲ್ಲ. ಮೊದಮೊದಲು ಅವರಿಗೆ ನಂಜಪ್ಪನ ಗೆರೆ ಎಂದರೆ ತಮಾಷೆ. ಆದರೆ ಒಂದು ಸುಗ್ಗಿಯಲ್ಲಿ, ದೊಡ್ಡಪ್ಪ ಬೇಡ ಎಂದರೂ ತುಂಬಿದ ಹುಲ್ಲಿನ ಟ್ರೇಲರ್ ಏರಿಯ ಮೇಲೆ ಪಲ್ಟಿ ಹೊಡೆದ ಮೇಲೆ ತಮಾಷೆ ನಿಂತಿತು. ಅಲ್ಲಿಂದಾಚೆಗೆ ಹೊಸ ಗಾಡಿ ಮಾಡಿಸಿದವರು, ಟ್ರ್ಯಾಕ್ಟರ್ ತಂದವರು, ಪೂಜೆ ಆದ ಮೇಲೆ ದೊಡ್ಡಪ್ಪನನ್ನು ಕರೆದು ಗೆರೆ ಹಾಕಿಸುವುದು ನಮ್ಮೂರಲ್ಲಿ ಒಂದು ಪದ್ಧತಿಯೇ ಆಗಿಹೋಯಿತು. ಅವನು ತಲೆಗೆ ಟವಲ್ ಸುತ್ತಿ, ಬಿಳಿ ಪೇಂಟಿನ ಡಬ್ಬಿ ಹಿಡಿದು, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಎಳೆಯುತ್ತಿದ್ದ. ಎಳೆದಾದ ಮೇಲೆ ಕೊಡುವ ಬಾಳೆಹಣ್ಣು ತೆಂಗಿನಕಾಯಿ ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ. ಆ ಒಂದು ಮರ್ಯಾದೆಯೇ ಅವನ ಆಸ್ತಿ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ನಮ್ಮ ಕೆರೆ ತುಂಬಿತು. ನಮ್ಮ ಕಡೆ ಕೆರೆ ತುಂಬುವುದು ಎಂದರೆ ಏನು ಎಂದು ಆ ಸೀಮೆಯವರಿಗೆ ಹೇಳಬೇಕಿಲ್ಲ. ಹತ್ತಾರು ವರ್ಷ ಜಾಲಿ ಬೆಳೆದು ದನ ಮೇಯುತ್ತಿದ್ದ ಜಾಗದಲ್ಲಿ ಒಂದೇ ಮಳೆಗಾಲದಲ್ಲಿ ಕಣ್ಣು ಹಾಯುವಷ್ಟು ದೂರ ನೀರು ನಿಂತುಬಿಟ್ಟಿತು. ಕೋಡಿ ಬಿದ್ದ ದಿನ ಹೆಂಗಸರೆಲ್ಲ ಹೋಗಿ ಬಾಗಿನ ಬಿಟ್ಟು ಬಂದರು. ಮಾರನೆಯ ದಿನದಿಂದ ಫಜೀತಿ ಶುರುವಾಯಿತು. ಹಾಲಿನ ಡೈರಿ ಇದ್ದದ್ದು ಕೆರೆಯ ಆಚೆ ದಂಡೆಯಲ್ಲಿ. ನಾವು ಶಾಲೆಗೆ ಹೋಗುವ ನಂದಗುಡಿ ಬಸ್ಸು ಬಂದು ನಿಲ್ಲುತ್ತಿದ್ದದ್ದೂ ಅಲ್ಲೇ. ಮೊದಲು ಕೆರೆಯ ಅಂಗಳದೊಳಗಿನ ಕಾಲುದಾರಿಯಲ್ಲಿ ಹದಿನೈದು ನಿಮಿಷಕ್ಕೆ ಹೋಗುತ್ತಿದ್ದೆವು. ಈಗ ಏರಿ ಬಳಸಿ, ಕೋಡಿ ದಾಟಿ, ಎರಡು ಮೈಲಿಗೂ ಹೆಚ್ಚು ನಡೆಯಬೇಕು. ದೊಡ್ಡಪ್ಪ ಕಾವೇರಿ ಕಡೆಯಿಂದ ಮೀನು ಹಿಡಿಯಲು ಬಂದವರ ಹತ್ತಿರ ಒಂದು ಹಳೆ ತೆಪ್ಪ ತಂದು, ಅದನ್ನು ಬಿಚ್ಚಿ, ನಾವು ಶಾಲೆಗೆ ಹೋದ ಹೊತ್ತಿನಲ್ಲಿ ವಾರಗಟ್ಟಲೆ ಕೂತು ಮತ್ತೆ ಹೊಲಿದು, ಡಾಂಬರು ಬಳಿದು, ಅಂಚಿನಿಂದ ಒಂದು ಗೇಣು ಕೆಳಗೆ ಸುತ್ತಲೂ ಬಿಳಿ ಗೆರೆ ಎಳೆದ. ದಿನಾ ಬೆಳಿಗ್ಗೆ ಒಂದೇ ಸರದಿ. ಹಾಲಿನ ಕ್ಯಾನು ಹಿಡಿದ ಹೆಂಗಸರು, ಬಸ್ಸಿಗೆ ಹೋಗುವ ಮಕ್ಕಳು. ಎರಡನೇ ಸರದಿ ಹೊಡೆದರೆ ಡೈರಿ ವ್ಯಾನೂ ಸಿಗುವುದಿಲ್ಲ, ಬಸ್ಸೂ ಸಿಗುವುದಿಲ್ಲ.

ಇದರಲ್ಲಿ ಒಂದು ನಿಯಮವಿತ್ತು. ಎಲ್ಲರೂ ಹತ್ತಿ ಕೂತ ಮೇಲೆ ದೊಡ್ಡಪ್ಪ ನೀರಿಗಿಳಿದು ಸುತ್ತಲೂ ಒಂದು ಬಾರಿ ನೋಡುತ್ತಿದ್ದ. ಗೆರೆ ಎಲ್ಲಾದರೂ ನೀರಿನೊಳಗೆ ಹೋಗಿದ್ದರೆ ಯಾರಾದರೂ ಇಳಿಯಬೇಕು. ಯಾರು ಎಂದು ಚರ್ಚೆಯೇ ಇಲ್ಲ, ಮೊದಲು ಇಳಿಯಬೇಕಾದವರು ಮನೆಯವರು. ಗೋಪಾಲಣ್ಣ ಸೈಕಲ್ಲಿನಲ್ಲಿ ಹೋಗುತ್ತಿದ್ದ. ಉಳಿದವಳು ನಾನೊಬ್ಬಳೇ. ದೀಪಾವಳಿ ಕಳೆದ ಮೇಲೆ ನಾಲ್ಕಾರು ಮನೆಗಳಲ್ಲಿ ಹಸು ಕರು ಹಾಕಿ ಹಾಲು ಜಾಸ್ತಿಯಾಯಿತು, ಕ್ಯಾನುಗಳು ದಪ್ಪಗಾದವು. ವಾರಕ್ಕೆ ಮೂರು ದಿನ, ನಾಲ್ಕು ದಿನ, "ಪದ್ದು, ಇಳಿಯವ್ವಾ" ಎನ್ನುವುದು ತಪ್ಪುತ್ತಿರಲಿಲ್ಲ. ನನ್ನ ಕ್ಲಾಸಿನ ಹುಡುಗಿಯರು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಾ ಕೂತಿರುವಾಗ ನಾನು ಲಂಗ ಎತ್ತಿಕೊಂಡು ಕೆಸರಿಗೆ ಇಳಿಯಬೇಕು. ಬಳಸಿಕೊಂಡು ಓಡಿದರೂ ಬಸ್ಸು ಹೋಗಿರುತ್ತಿತ್ತು. ಶಾಲೆ ತಲುಪಿದರೆ ಮೊದಲ ಪೀರಿಯಡ್ ಹೊರಗೆ ನಿಲ್ಲುವ ಶಿಕ್ಷೆ. ತೆಪ್ಪ ನಮ್ಮದು, ಗೆರೆ ನಮ್ಮದು, ನಿಲ್ಲುವುದು ಮಾತ್ರ ನಾನು. ಒಂದು ದಿನ ಅಳುತ್ತಾ ಕೇಳಿಯೂ ಬಿಟ್ಟೆ, ಬೇರೆ ಯಾರನ್ನಾದರೂ ಇಳಿಸಬಾರದಾ ಎಂದು. ನಮ್ಮನೆಯವರನ್ನು ಕೂರಿಸಿಕೊಂಡು ಇನ್ನೊಬ್ಬರನ್ನು ಇಳಿಸಿದರೆ ಆಮೇಲೆ ಯಾರೂ ಗೆರೆಯನ್ನು ನಂಬುವುದಿಲ್ಲ ಎಂದು ತಲೆ ಸವರಿದ. ನನಗೆ ಬೇಕಾಗಿದ್ದದ್ದು ಸಮಾಧಾನ ಅಲ್ಲ, ಜಾಗ.

ಒಂದು ಬುಧವಾರ ದೊಡ್ಡಪ್ಪ ತೆಪ್ಪವನ್ನು ದಡಕ್ಕೆಳೆದು ಬೋರಲು ಹಾಕಿ, ಸೋರುವ ಕಡೆ ಡಾಂಬರು ಮೆತ್ತಿ, ಮಾಸಿದ್ದ ಗೆರೆಯನ್ನು ಹೊಸದಾಗಿ ಎಳೆದು, ಎರಡು ದಿನ ಒಣಗಲಿ ಎಂದು ಬಿಟ್ಟು, ಹೊಸಕೋಟೆಯಲ್ಲಿ ಕಣ್ಣಿನ ಕ್ಯಾಂಪ್ ಇದೆಯೆಂದು ಹೋದ. ಅವನ ಬಲಗಣ್ಣಿಗೆ ಪೊರೆ ಬರಲು ಶುರುವಾಗಿತ್ತು. ದೊಡ್ಡಮ್ಮನೂ ಜೊತೆಗೆ ಹೋದಳು. ನನ್ನ ಅಪ್ಪ ಅಮ್ಮ ಹೊಲದಲ್ಲಿದ್ದರು. ನಾನು ಹೊಟ್ಟೆನೋವು ಎಂದು ಶಾಲೆ ತಪ್ಪಿಸಿ ಮನೆಯಲ್ಲಿ ಉಳಿದೆ. ಮಟಮಟ ಮಧ್ಯಾಹ್ನ. ಡಾಂಬರಿನ ಡಬ್ಬಿ, ಪೇಂಟಿನ ಡಬ್ಬಿ, ಬ್ರಷ್ಷು ಎಲ್ಲ ಕೊಟ್ಟಿಗೆಯಲ್ಲೇ ಇದ್ದವು. ಅವನ್ನೆತ್ತಿಕೊಂಡು ಕೆರೆದಂಡೆಗೆ ಹೋದೆ, ಆ ಬಿಸಿಲಲ್ಲಿ ಅಲ್ಲಿ ಯಾರೂ ಇರಲಿಲ್ಲ. ನಾನು ಮಾಡಿದ್ದನ್ನು ಈಗ ಸಣ್ಣದು ಮಾಡಿ ಹೇಳುವುದಿಲ್ಲ. ಸಿಟ್ಟಿನ ಭರದಲ್ಲಿ ಆದದ್ದೂ ಅಲ್ಲ. ಹಸಿ ಪೇಂಟನ್ನು ಹಳೆ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆ ಡಾಂಬರು ಬಳಿದು, ನನ್ನ ನಾಲ್ಕು ಬೆರಳು ಅಡ್ಡ ಇಟ್ಟು ಅಳೆದು ಅಳೆದು, ಅಂಚಿನ ಕಡೆಗೆ ಸರಿಸಿ, ಸುತ್ತಲೂ ಹೊಸ ಗೆರೆ ಎಳೆದೆ. ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಥೇಟ್ ದೊಡ್ಡಪ್ಪನ ಹಾಗೆ. ಡಾಂಬರು ಬಳಿಯುವಾಗ ಬ್ರಷ್ಷಿನ ಕೆಳಗೆ ಏನೋ ಉಬ್ಬು ಉಬ್ಬಾಗಿ ಸಿಗುತ್ತಿತ್ತು. ಬಿದಿರಿನ ಹೆಣಿಗೆ ಇರಬೇಕು ಎಂದುಕೊಂಡೆ. ಮುಗಿದ ಮೇಲೆ ದೂರ ನಿಂತು ನೋಡಿ, ಎಷ್ಟು ನೆಟ್ಟಗೆ ಬಂದಿದೆ ಎಂದು ಖುಷಿಪಟ್ಟೆ. ಆ ಖುಷಿ ಇವತ್ತಿಗೂ ನೆನಪಿದೆ, ಅದಕ್ಕೇ ನನ್ನನ್ನು ಕಂಡರೆ ನನಗೇ ಅಸಹ್ಯ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಹತ್ತಿದರು. ಆರು ಕ್ಯಾನು, ಐದು ಹೆಂಗಸರು, ನಾಲ್ಕು ಮಕ್ಕಳು. ನಾನು ದಡದಲ್ಲೇ ನಿಂತಿದ್ದೆ, ಹೇಗೂ ಇಳಿಸುತ್ತಾರಲ್ಲ ಎನ್ನುವ ಮುಖ ಮಾಡಿಕೊಂಡು. ದೊಡ್ಡಪ್ಪ ನೀರಿಗಿಳಿದು ಸುತ್ತ ನೋಡಿದ. ಗೆರೆ ನೀರಿಗಿಂತ ಮೇಲಿತ್ತು. ಅವನ ಮುಖ ಅರಳಿದ್ದನ್ನು ನಾನು ನೋಡಿದೆ. "ಇವತ್ತು ನಮ್ ಪದ್ದೂಗೂ ಜಾಗ ಐತೆ, ಬಾರವ್ವಾ" ಎಂದು ನನ್ನ ಕಂಕುಳಿಗೆ ಕೈಕೊಟ್ಟು ಎತ್ತಿ ಕೂರಿಸಿದ. ನನ್ನನ್ನು ಇಳಿಸುವಾಗಲೆಲ್ಲ ಅವನಿಗೂ ಸಂಕಟವಾಗುತ್ತಿತ್ತು ಎನ್ನುವುದು ಆ ಕ್ಷಣದವರೆಗೆ ನನಗೆ ಹೊಳೆದೇ ಇರಲಿಲ್ಲ. ದಿನಾ ಹಾಲು ತರುತ್ತಿದ್ದ ಮುದುಕಿ ಮುನಿತಾಯಮ್ಮ ಕೂತಲ್ಲಿಂದಲೇ, ಜಾಸ್ತಿ ಆದಂಗೈತಲ್ಲಪ್ಪಾ ನಂಜಪ್ಪಾ ಎಂದಳು. ದೊಡ್ಡಪ್ಪನಿಗೂ ಅನುಮಾನ ಬಂದಿರಬೇಕು, ಮತ್ತೊಂದು ಸುತ್ತು ಬಂದು ಬಗ್ಗಿ ನೋಡಿದ. ಆದರೆ ಅವನು ಜೀವನವೆಲ್ಲ ಊರಿಗೆ ಹೇಳಿಕೊಟ್ಟದ್ದು ಒಂದೇ ಪಾಠ, ಕಣ್ಣಳತೆ ನಂಬಬೇಡಿ, ಗೆರೆ ನಂಬಿ ಎಂದು. "ಗೆರೆ ಇನ್ನೂ ನೀರ್ ಮುಟ್ಟಿಲ್ಲ ಕಣಮ್ಮಾ," ಎಂದು ಹತ್ತಿ ಹುಟ್ಟು ಹಾಕಿದ. ಬಾಯಿ ಬಿಡಲು ನನಗೆ ಅಷ್ಟು ಹೊತ್ತಿತ್ತು. ನಾನು ಗೆಳತಿಯರ ಪಕ್ಕ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ನಡುಕೆರೆ ದಾಟುವವರೆಗೂ ಏನೂ ಆಗಲಿಲ್ಲ. ಆಚೆ ದಂಡೆ ಹತ್ತಿರವಾದಾಗ ಮೂಡಣದಿಂದ ಸಣ್ಣ ಗಾಳಿ ಎದ್ದಿತು. ದಿನಾ ಏಳುತ್ತಿದ್ದ ಗಾಳಿಯೇ. ಒಂದು ಅಲೆ ಅಂಚು ಹಾರಿ ಒಳಗೆ ಬಂತು, ಇನ್ನೊಂದು ಬಂತು. ಕಾಲು ಒದ್ದೆಯಾದ ಹೆಂಗಸರು ಗಾಬರಿಯಿಂದ ಈ ಕಡೆಗೆ ವಾಲಿದರು. ಅಷ್ಟೇ. ತೆಪ್ಪ ಒಂದು ಕಡೆ ಬಾಯಿ ತೆರೆದು ನೀರು ಕುಡಿದು, ನಮ್ಮ ಕೆಳಗಿನಿಂದ ಜಾರಿಹೋಯಿತು. ದೊಡ್ಡವರಿಗೆ ಅಲ್ಲಿ ಎದೆಮಟ್ಟ ನೀರು, ಮಕ್ಕಳಿಗೆ ತಲೆ ಮೇಲೆ. ಡೈರಿ ಮುಂದೆ ಇದ್ದ ಗಂಡಸರು ಧುಮುಕಿ ಬಂದರು. ದೊಡ್ಡಪ್ಪ ಒಬ್ಬೊಬ್ಬರನ್ನೇ ಎತ್ತಿ ಅವರ ಕೈಗೆ ಕೊಡುತ್ತಿದ್ದ. ಮುನಿತಾಯಮ್ಮ, ಆಮೇಲೆ ಆ ನಾಲ್ಕು ಮಕ್ಕಳು, ಆಮೇಲೆ ಉಳಿದ ಹೆಂಗಸರು. ತೇಲುವ ಕ್ಯಾನೊಂದನ್ನು ತಬ್ಬಿಕೊಂಡಿದ್ದ ನನ್ನ ಹತ್ತಿರ ಅವನು ಬಂದದ್ದು ಎಲ್ಲರಿಗಿಂತ ಕೊನೆಗೆ. ಮೊದಲು ಇಳಿಸುವಾಗಲೂ ಮನೆಯವರು, ಕೊನೆಗೆ ಎತ್ತುವಾಗಲೂ ಮನೆಯವರು. ಇಡೀ ಊರಿನ ಆ ಹೊತ್ತಿನ ಹಾಲು ನಮ್ಮ ಸುತ್ತ ಬೆಳ್ಳಗೆ ಹರಡಿಕೊಂಡಿತ್ತು. ಯಾರೂ ಸಾಯಲಿಲ್ಲ. ಮುನಿತಾಯಮ್ಮ ಹದಿನೈದು ದಿನ ಜ್ವರ ಬಂದು ಮಲಗಿ ಎದ್ದಳು.

ತೆಪ್ಪವನ್ನು ದಡಕ್ಕೆಳೆದು ಬೋರಲು ಹಾಕಿದರು. ಸುತ್ತ ಜನ ಸೇರಿದರು. ದೊಡ್ಡಪ್ಪ ಒದ್ದೆ ಬಟ್ಟೆಯಲ್ಲೇ ಮೊಣಕಾಲೂರಿ ಕೂತು, ಅದರ ಮೈಮೇಲೆ ಅಂಗೈಯಾಡಿಸುತ್ತಾ ಹೋದ. ಒಂದು ಕಡೆ ಕೈ ನಿಂತಿತು. ಅಲ್ಲಿಂದ ಬಿಳಿ ಗೆರೆಯವರೆಗೆ ಬೆರಳು ಅಡ್ಡ ಇಟ್ಟು ನೋಡಿದ. ಮೂರು ಬೆರಳು.  ಆಮೇಲೆ ತಲೆಯೆತ್ತಿ ನಡುಗುತ್ತಾ ನಿಂತಿದ್ದ ಮಕ್ಕಳ ಕಡೆ ನೋಡಿದ, ಎದ್ದ, ಟವಲ್ ಹಿಂಡಿ ಹೆಗಲಿಗೆ ಹಾಕಿಕೊಂಡು ಎಲ್ಲರ ಮುಂದೆ ಹೇಳಿದ. "ನಂದೇ ತಪ್ಪು ಕಣ್ರಪ್ಪಾ. ಕಣ್ಣು ಮಂಜಾಗೈತೆ. ಗೆರೆ ಮ್ಯಾಲಕ್ಕೆ ಎಳ್ದ್‌ಬಿಟ್ಟಿದೀನಿ."

ನನಗೆ ಏನನ್ನಿಸಿತು ಎಂದು ಹೇಳಿಬಿಡುತ್ತೇನೆ, ಇಷ್ಟು ಬರೆದ ಮೇಲೆ ಬಚ್ಚಿಡುವುದೇನು. ಸಮಾಧಾನವಾಯಿತು. ಅಬ್ಬಾ, ಇವನಿಗೆ ಗೊತ್ತಾಗಿಲ್ಲ, ತಾನೇ ತಪ್ಪು ಎಳೆದೆ ಎಂದುಕೊಂಡಿದ್ದಾನೆ, ಬದುಕಿದೆ ಎಂದುಕೊಂಡೆ. ಮನೆಗೆ ಬಂದ ಮೇಲೆ ದೊಡ್ಡಪ್ಪ ಜಗುಲಿಯ ಮೇಲೆ ಕೂತು ನನ್ನನ್ನು ಕರೆದ. ಕೈಗೆಲ್ಲ ಡಾಂಬರು ಮೆತ್ತಿಕೊಂಡಿದೆ ಬಾ ಎಂದು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ನನ್ನ ಹತ್ತು ಬೆರಳನ್ನೂ ಒಂದೊಂದಾಗಿ ಒರೆಸಿದ. ಉಗುರಿನ ಸಂದಿಯನ್ನು ಕಡ್ಡಿಯಿಂದ ಬಿಡಿಸಿ ಬಿಡಿಸಿ ಒರೆಸಿದ.  ಅಷ್ಟು ಹೊತ್ತಿಗೆ ನನ್ನ ಅಪ್ಪ ಹೊಲದಿಂದ ಬಂದು, ಯಾರ ಮೇಲೋ ಕೈ ಎತ್ತುವ ಸಿಟ್ಟಿನಲ್ಲಿ ಅಂಗಳದಲ್ಲಿ ಅಡ್ಡಾಡುತ್ತಿದ್ದ. ದೊಡ್ಡಪ್ಪ ನನ್ನ ಕೈಗಳನ್ನು ತನ್ನ ತೊಡೆಯ ಮೇಲೆ ಹಿಡಿದುಕೊಂಡೇ ಇದ್ದ.

ಆ ದಿನದಿಂದ ಆ ತೆಪ್ಪಕ್ಕೆ ಯಾರೂ ಕಾಲಿಡಲಿಲ್ಲ. ಕೆರೆ ಬತ್ತುವವರೆಗೂ ಹೆಂಗಸರು ತಲೆಯ ಮೇಲೆ ಕ್ಯಾನು ಹೊತ್ತು ಏರಿ ಬಳಸಿ ನಡೆದರು. ನಮ್ಮ ಮನೆ ಮುಂದೆ ಹಾಯುವಾಗ ಬೇಕೆಂದೇ ಜೋರಾಗಿ ಮಾತಾಡಿಕೊಂಡು ಹೋಗುತ್ತಿದ್ದರು. ಗೆರೆ ಹಾಕು ಬಾ ಎಂದು ಯಾರೂ ಕರೆಯಲಿಲ್ಲ. ಟ್ರ್ಯಾಕ್ಟರಿನವರು ತಮ್ಮ ಟ್ರೇಲರಿನ ಗೆರೆಗಳ ಮೇಲೆ ಬಣ್ಣ ಹೊಡೆಸಿಕೊಂಡರು. ದೊಡ್ಡಪ್ಪ ಒಂದು ದಿನ ಇಟ್ಟಿಗೆ ಚೂರು ಹಿಡಿದು, ಕಣಜದ ಗೆರೆ, ಹಂಡೆಯ ಗೆರೆ, ಗಾಡಿಯ ಗೆರೆ, ಹುಣಸೆಮರದ ಗೆರೆ, ಒಂದೂ ಬಿಡದೆ ಉಜ್ಜಿ ಉಜ್ಜಿ ಅಳಿಸಿದ. ದೊಡ್ಡಮ್ಮ ಒಲೆಯ ಮುಂದೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಹಡಗಿನ ನಂಜಪ್ಪ ಹೋಗಿ ಹಡಗು ಮುಳುಗಿಸಿದ ನಂಜಪ್ಪ ಆದ. ಶಾಲೆಯಲ್ಲಿ ಹುಡುಗರು ಗೋಪಾಲಣ್ಣನನ್ನು ಅದೇ ಹೆಸರಿನಿಂದ ಕಾಡಿಸಿದರು. ಅವನು ಹೊಡೆದಾಡಿದ, ಮತ್ತೆ ಹೊಡೆದಾಡಿದ, ಎಂಟನೇ ಕ್ಲಾಸಿನಲ್ಲಿ ಇನ್ನು ಹೋಗುವುದಿಲ್ಲ ಎಂದು ಕೂತುಬಿಟ್ಟ. ಅಪ್ಪನ ಜೊತೆ ಮಾತು ಕಡಿಮೆ ಮಾಡಿದ. ಆಡಿದರೆ ಚುಚ್ಚುಮಾತೇ. ಬಸ್ಸು ತಪ್ಪಬಾರದೆಂದು ಗೆರೆ ಎತ್ತಿದ ನಾನು ಮಾತ್ರ ಒಂದು ದಿನವೂ ತಪ್ಪದೆ ಓದಿ, ಕಾಲೇಜು ಮುಗಿಸಿ, ವಿಜ್ಞಾನದ ಟೀಚರ್ ಆದೆ.

ಪ್ರತಿ ವರ್ಷ ತೇಲುವ ವಸ್ತುಗಳ ಪಾಠ ಬರುತ್ತದೆ. ನಾನು ಅದನ್ನು ಕಪ್ಪುಹಲಗೆಯ ಮೇಲೆ ಬರೆದು, ಎರಡು ಲೆಕ್ಕ ಬಿಡಿಸಿ, ಒಂದೇ ಪೀರಿಯಡ್ಡಿನಲ್ಲಿ ಮುಗಿಸಿಬಿಡುತ್ತೇನೆ. ದೊಡ್ಡಪ್ಪ ಹಾಸಿಗೆ ಹಿಡಿದಿದ್ದಾಗ, ಈ ಸಲ ಹೇಳಿಯೇ ಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಹೋಗಿದ್ದೆ. ತಲೆದೆಸೆಯಲ್ಲಿ ಕೂತೆ. ಅವನಿಗೆ ಎರಡು ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ. ನನ್ನ ಕೈ ಹಿಡಿದುಕೊಂಡು ಬೆರಳುಗಳನ್ನು ಸವರುತ್ತಾ, ಶಾಲೆಯಲ್ಲಿ ಮಕ್ಕಳಿಗೆ ಮುಳುಗುವುದು ತೇಲುವುದು ಹೇಳಿಕೊಡುತ್ತೀಯಂತೆ, ಹೌದಾ ಎಂದು ಕೇಳಿದ. ಹೌದು ಎಂದೆ. "ಮೊಟ್ಟೆ ತೇಲ್ಸಿ ತೋರ್ಸು ಮಗಾ. ಬರೀ ಬಾಯ್ಮಾತಲ್ಲಿ ಹೇಳಿದ್ರೆ ಮಕ್ಕಳು ಮರ್ತೋಯ್ತವೆ." ಆಗಲಿ ದೊಡ್ಡಪ್ಪ ಎಂದೆ. ಅಷ್ಟೇ ಹೇಳಿ ಎದ್ದು ಬಂದೆ. ಮೊಟ್ಟೆಯನ್ನೂ ತೇಲಿಸಲಿಲ್ಲ. ವಾರದೊಳಗೆ ಅವನು ಹೋದ. ಪಾಪ, ತನ್ನ ಕೈಯೇ ತಪ್ಪಿತು ಎಂದು ನಂಬಿಕೊಂಡೇ ಹೋದನಲ್ಲ ಎಂದು ಇಷ್ಟು ವರ್ಷ ಒಳಗೊಳಗೇ ಬೇಯುತ್ತಿದ್ದೆ.

ಕಳೆದ ತಿಂಗಳ ಆ ಭಾನುವಾರ ಗುಜರಿಯ ರಫೀಕ್ ಭಾಯಿ ಬಂದಾಗ ಬಿಸಿಲು ನೆತ್ತಿಗೇರಿತ್ತು. ಅವರು ತೆಪ್ಪವನ್ನು ಒಂದು ಸುತ್ತು ನೋಡಿ, ಇದು ಒಲೆಗೇ ಸರಿ ಎಂದುಕೊಂಡು, ಕಬ್ಬಿಣ ಗಿಬ್ಬಿಣ ಇದೆಯೋ ಎಂದು ಚಾಕುವಿನಿಂದ ಅಲ್ಲಲ್ಲಿ ಡಾಂಬರು ಕೆರೆದರು. ಕೆರೆಯುತ್ತಿದ್ದ ಕೈ ನಿಂತಿತು. "ಅಣ್ಣಾ, ಒಳಗೆ ತಾಮ್ರದ ವೈರು ಐತೆ ನೋಡಿ. ಸುತ್ತಲೂ ಹೋಗೈತೆ." ಗೋಪಾಲಣ್ಣ ಬಗ್ಗಿ ನೋಡಿದ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟರಿಂದ ಬಿಚ್ಚಿದ ತಂತಿ. ಅಪ್ಪ ಇಲ್ಲಿ ಯಾಕೆ ತಂತಿ ಹೊಲಿದ, ಗಟ್ಟಿಗೆ ಅಂತಿದ್ದರೆ ಅಂಚಿಗೆ ಹೊಲಿಯಬೇಕಿತ್ತಲ್ಲ ಎಂದು ತಲೆ ಕೆರೆದುಕೊಂಡ. ನಾನು ಮಣ್ಣಿನ ಮೇಲೆ ಮೊಣಕಾಲೂರಿದೆ. ದೊಡ್ಡಪ್ಪ ಕೂತಿದ್ದ ಹಾಗೆಯೇ. ಅಂಗೈಯಾಡಿಸಿದೆ. ಮೆತ್ತಗಾದ ಡಾಂಬರಿನ ಕೆಳಗೆ ಉಬ್ಬು ಉಬ್ಬಾಗಿ ತಂತಿ ಸಿಗುತ್ತಾ ಹೋಯಿತು, ಅವತ್ತು ನನ್ನ ಬ್ರಷ್ಷಿಗೆ ಸಿಕ್ಕಿದ್ದ ಹಾಗೆ. ತಂತಿಯಿಂದ ಬಿಳಿ ಗೆರೆಗೆ ಬೆರಳಿಟ್ಟು ಅಳೆದೆ. ನನ್ನ ಈಗಿನ ಬೆರಳಲ್ಲಿ ಮೂರು. ಹನ್ನೊಂದು ವರ್ಷದ ಹುಡುಗಿಯ ಬೆರಳಲ್ಲಿ ನಾಲ್ಕು. ಬಣ್ಣ ಯಾರು ಬೇಕಾದರೂ ಬಳಿಯಬಹುದು, ಅದಕ್ಕೇ ಮೊದಲು ಗುರುತು. ಅವನು ತನ್ನ ತೆಪ್ಪಕ್ಕೂ ಬೆಸುಗೆಯ ಬದಲು ಇದನ್ನು ಹೊಲಿದಿದ್ದ. ಆ ಶುಕ್ರವಾರ ಜನರೆಲ್ಲ ನೋಡುತ್ತಿರುವಾಗ ಅವನ ಕೈ ನಿಂತದ್ದು ಇಲ್ಲೇ. ಕಣ್ಣು ಮಂಜಾಗೈತೆ ಎಂದು ಅವನು ಹೇಳಿದ್ದು ಎಲ್ಲ ತಿಳಿದ ಮೇಲೆ. ಆಮೇಲೆ ಸೀಮೆಎಣ್ಣೆಯಲ್ಲಿ ಒರೆಸಿದ್ದು ಡಾಂಬರನ್ನಲ್ಲ, ಉಗುರಿನ ಸಂದಿಯಲ್ಲಿದ್ದ ಬಿಳಿ ಬಣ್ಣವನ್ನು.

 ಯಾಕೆ ಪದ್ದು, ಏನಾಯಿತು ಎಂದು ಗೋಪಾಲಣ್ಣ ಭುಜ ಹಿಡಿದ. "ಅಣ್ಣಾ, ನಿಮ್ಮಪ್ಪ ಹಾಕಿದ್ ಗೆರೆ ಈ ತಂತಿ ಮೇಲಿತ್ತು," ಎಂದೆ. "ಮೇಲಿಂದು ನಾನ್ ಎಳ್ದಿದ್ದು." ಆಮೇಲೆ ಎಲ್ಲವನ್ನೂ ಹೇಳಿದೆ, ಬಸ್ಸು, ಇಳಿಸುತ್ತಿದ್ದದ್ದು, ಕಣ್ಣಿನ ಕ್ಯಾಂಪಿನ ದಿನ, ಎಲ್ಲ. ಅವನು ಒರಳುಕಲ್ಲಿನ ಮೇಲೆ ಕೂತು ಕೇಳಿದ. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಪ್ಪನಿಗೆ ಗೊತ್ತಿತ್ತಾ ಎಂದು ಕೇಳಿದ. ಗೊತ್ತಿತ್ತು, ನನಗೇ ಇವತ್ತು ಗೊತ್ತಾದದ್ದು ಎಂದೆ. ಅವನು ತೆಪ್ಪದ ಕಡೆ ನೋಡುತ್ತಾ ಮೆಲ್ಲಗೆ ಅಂದ. "ಇದನ್ನೇ ಎತ್ತಿ ಎತ್ತಿ ಅಪ್ಪನ್ನ ಎಷ್ಟ್ ಅಂದಿದೀನಿ ಗೊತ್ತಾ ನಾನು. ಒಂದಿನಾನೂ ಎದುರು ಮಾತಾಡ್ಲಿಲ್ಲ ಕಣೇ."  ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂದು, ಅದನ್ನು ಕೇಳಬೇಕಾದವನು ಇವನೊಬ್ಬನೇ ಅಲ್ಲವಲ್ಲ ಎಂದು ಅಲ್ಲೇ ಉಳಿಯಿತು.

ಇದನ್ನು ಬಿಟ್ಟು ಉಳಿದದ್ದು ತಗೊಂಡು ಹೋಗಿ ಭಾಯಿ ಎಂದು ಗೋಪಾಲಣ್ಣ ರಫೀಕ್ ಭಾಯಿಗೆ ಹೇಳಿದ. ಆಮೇಲೆ ನನ್ನ ಕೈ ನೋಡಿದ. ಮೊಣಕೈಯವರೆಗೂ ಡಾಂಬರು ಮೆತ್ತಿತ್ತು. ಒಳಗೆ ಹೋಗಿ, ಟ್ರ್ಯಾಕ್ಟರಿನ ಡೀಸೆಲ್ಲು ಅದ್ದಿದ ಒಂದು ಬಟ್ಟೆ ತಂದು, ನನ್ನ ಕೈಗೆ ಕೊಡದೆ ಪಕ್ಕದ ಒರಳುಕಲ್ಲಿನ ಮೇಲಿಟ್ಟು, ಹಿತ್ತಲ ಕಡೆಗೆ ನಡೆದುಬಿಟ್ಟ. ಹುಣಸೆಮರದ ಹತ್ತಿರ ಅವನು ಬೆನ್ನು ತಿರುಗಿಸಿ ನಿಂತಿರುವುದು ಬಾಗಿಲಿಲ್ಲದ ಮನೆಯ ಮೂಲಕ ಕಾಣುತ್ತಿತ್ತು. ಬಸ್ಸಿಗೆ ಹೊತ್ತಾಗಿತ್ತು. ನಾನು ಆ ಬಟ್ಟೆಯನ್ನು ಮುಟ್ಟಲಿಲ್ಲ. ನನ್ನ ಕೈ ಒರೆಸಿದವನು ಒಬ್ಬನೇ, ಅವನು ಒಂದು ಸಲ ಒರೆಸಿದ್ದು ಸಾಕು. ಡಾಂಬರಿನ ಕೈಯಲ್ಲೇ ಕಂಬಿ ಹಿಡಿದು ದೊಡ್ಡಬಳ್ಳಾಪುರದವರೆಗೂ ನಿಂತುಕೊಂಡೇ ಬಂದೆ. ದಾರಿಯಲ್ಲಿ ಒಂದು ಸೀಟು ಖಾಲಿಯಾಯಿತು, ಕಂಡಕ್ಟರ್ ಕೂತ್ಕೊಳ್ಳಿ ಮೇಡಂ ಎಂದ. ಕೂರಲಿಲ್ಲ.